ವಾರಕ್ಕೊಂದು

ಮುಂಜಾನಿ ನಾಕೂವರಿಗೆ ನಾ ಎದ್ದರೂ
ಕೈ ಎದ್ದಿರಂಗಿಲ್ಲ.
ಬಿಸಿನೀರಿನ ಬೋಗುಣಿಯೊಳಗ ಇಳಿಬಿಟ್ಟು ಕೂಡತೀನಿ,
ಯಾರವೋ ಕೈ ತೊಳ್ಯಾಕ ತಂದಂಗ.
ಆರಕ್ಕ ಹುಬ್ಬಳ್ಳಿ ಡಿಪೋ,
ಆರೂ ಇಪ್ಪತ್ತಕ್ಕ ಕಲಘಟಗಿ ಬಸ್ಸು.

ಹದಿನೇಳು ವರ್ಷ ಆತು ಸೀಟಿ ಊದಾಕ ಹತ್ತಿ.
ಮೊದಲ ನಾ ದೂರು ಕೊಟ್ಟಿದ್ದು ಚೀಟಿ ಮಷಿನ್ನಿನ ಮ್ಯಾಲೆ:
ಬಟನ್ ಗಟ್ಟಿ ಆಗ್ಯಾವ್ರಿ, ಬ್ಯಾರೇ ಕೊಡ್ರಿ.
ಕೊಟ್ಟರು. ಅದರದೂ ಗಟ್ಟಿ.
ಹೆಣ್ಮಕ್ಕಳ ಸೊನ್ನಿ ರೂಪಾಯಿ ಚೀಟಿಗೂ
ರೊಕ್ಕದ ಚೀಟಿಯಷ್ಟ ಒತ್ತಬೇಕು.
ತಡಸ ಕ್ರಾಸ್ ಬರೂದ್ರಾಗ
ಗಟ್ಟಿ ಆಗಿದ್ದು ಯಾವುದಂತ ಗೊತ್ತಾತು.

ಎರಡು ವರ್ಷ ಮೆಡಿಕಲ್ ಅಂಗಡಿ ಹುಡುಗನ ಗುಳಿಗಿ ನುಂಗಿದೆ.
ನುಂಗಿದರ ಒಂದು ಟ್ರಿಪ್ಪು ಸುಖ,
ಆಮ್ಯಾಲೆ ಹೊಟ್ಟ್ಯಾಗ ಒಲಿ.

ಡಾಕ್ಟರ್ ತಬಸ್ಸುಮ್ ಮುಲ್ಲಾ ನನ್ನ ಬೆರಳ ಗೆಣ್ಣು
ಮಾವಿನಕಾಯಿ ಒತ್ತಿ ನೋಡಿದಂಗ ಒಂದೊಂದ ಒತ್ತಿದರು.
ಸುಲೋಚನಾ ಅವರ, ನಿಮ್ಮ ಮೈಕಾವಲಿನವರ
ನಿಮ್ಮ ಕದಾ ಒಡ್ಯಾಕ ಹತ್ಯಾರ ಅಂದರು.
ಬ್ಯಾನಿ ಗುಳಿಗಿ ಗಂಟಿ ಬಾರಸೂದು ನಿಲ್ಲಸತೈತಿ,
ಒಡಿಯೂದು ನಡದ ಇರತೈತಿ.

ಸ್ಟಿರಾಯ್ಡ್ ಅಂದ್ರ ನಾನ್‌ಸ್ಟಾಪ್ ಬಸ್ಸೇನ್ರಿ? ಕೇಳಿದೆ.
ನಕ್ಕರು. ಹೌದು, ಲಗೂನ ಮುಟ್ಟಸತೈತಿ,
ಆದ್ರ ನಡುವ ಜಿಗೀಬ್ಯಾಡ್ರಿ,
ನಾ ನಿಧಾನ ಮಾಡತೀನಿ, ಆಮ್ಯಾಲೆ ಇಳೀರಿ.

ಖರೇ ಔಷಧಿದು ಮೆಥೊಟ್ರೆಕ್ಸೇಟ್ ಅಂತ ಹೆಸರು.
ನಾಲಿಗಿಗೆ ಕುಂದರಲಿಲ್ಲ, ಬರಕೊಂಡೆ.
ವಾರಕ್ಕ ಒಂದ ದಿನ. ಒಂದ.
ಮರುದಿನ ಫೋಲಿಕ್ ಗುಳಿಗಿ, ಬಾಯಿ ಹುಣ್ಣಾಗಬಾರದಂತ.
ಲಿವರಿಗೆ ತ್ರಾಸ ಆದೀತು, ರಕ್ತ ತಪಾಸಬೇಕು.
ಗುಣ ಕಾಣಾಕ ಎರಡು ತಿಂಗಳು, ಮೂರೂ ಹಿಡೀಬಹುದು.
ಇದು ಸಾಲದಿದ್ದರ ಜೋಡಿಗೆ ಮತ್ತೊಂದು,
ಅದಕ್ಕ ಕಣ್ಣು ತೋರಸ್ತಾ ಇರಬೇಕು.
ಇನ್ನೊಂದರಿಂದ ಉಚ್ಚಿ ಹಳದಿ ಆಗತೈತಿ, ಅಂಜಬ್ಯಾಡ್ರಿ.
ಅದರಾಚೆ ಇಂಜೆಕ್ಷನ್ ಅದಾವ.
ಮೊದಲ ಎದಿಯೊಳಗ ಟಿಬಿ ಅಡಗೇತೇನು ನೋಡಿ, ಆಮ್ಯಾಲೆ.
ಅದರ ಬೆಲಿ ಕೇಳಿ
ನನ್ನ ಪಗಾರ ಬಾಯಿ ಮುಚಗೊಂಡು ಕೂತ್ತು.

ಹೊರಗ ಪಾಳೇದಾಗ ಕುಂದಗೋಳದ ಹುಡುಗಿಯೊಬ್ಬಾಕಿ.
ಅವರಪ್ಪ ಫಕೀರಪ್ಪ ವಾರದ ಗುಳಿಗಿ ದಿನಾ ನುಂಗಿದ್ದನಂತ,
ಹನ್ನೊಂದು ದಿನ.
ಈಗ ಮ್ಯಾಲಿನ ವಾರ್ಡಿನಾಗ,
ಬಾಯಿ ತುಂಬ ಹುಣ್ಣು, ಗುಟುಕು ನೀರು ಇಳಿಯೂದಿಲ್ಲ.
ಅಪ್ಪಗ ಓದಾಕ ಬರತೈತ್ರಿ, ಅಂದಳು,
ಚೀಟಿ ಇಂಗ್ಲಿಷಿನಾಗ ಇತ್ತು.

ನಾ ತಿರುಗಿ ಒಳಗ ಹೋದೆ.
ಯಾವ ವಾರ, ಕನ್ನಡದಾಗ ಬರೀರಿ, ದೊಡ್ಡ ಅಕ್ಷರದಾಗ.
ನಿಮಗ ಯಾವುದು ಬೇಕ್ರಿ?
ಮಂಗಳವಾರ ನನ್ನ ರಜಾ. ಅದಕ್ಕ ಸೋಮವಾರ ರಾತ್ರಿ.
ವಾಕರಿಕಿ ಬಂದರ ಮನ್ಯಾಗ ಬರಲಿ,
ಚಿಲ್ಲರೆ ಕೇಳವರು ಎದುರಿಗಿ ಇರಬಾರದು.

ನಾಕು ಸೋಮವಾರ ಆದ ಮ್ಯಾಲೆ
ಡಿಪೋದಾಗ ರಜಾಪಟ್ಟಿ ತಿರುವಿ ಹಾಕಿದರು. ನನಗ ಗುರುವಾರ.
ದಿನ ಸರಿದರ ಎಣಿಕಿ ತಪ್ಪೀತು,
ಎಣಿಕಿ ತಪ್ಪಿದರ ಫಕೀರಪ್ಪ.
ಹದಿನೇಳು ವರ್ಷದಾಗ ಮೊದಲ ಸಲ
ಸಾಹೇಬರ ಟೇಬಲ್ಲಿನ ಮುಂದ ನಿಂತೆ:
ನನಗ ಮಂಗಳವಾರನ ಬೇಕ್ರಿ.
ಯಾಕ?
ಕೈ ಬ್ಯಾನಿ ಅಂದ್ರ ಈ ಕೈಗೆ ಬಸ್ಸು ಕೊಡತಾರೇನು?
ವಾರ ಹಿಡದೀನ್ರಿ, ಅಂದೆ.
ಯಲ್ಲಮ್ಮಂದೇನು?
ನಾ ಹೂಂ ಅನಲಿಲ್ಲ. ಊಹೂಂ ಅನಲೂ ಇಲ್ಲ.
ಕೈ ಜೋಡಿಸಿದೆ, ಎಷ್ಟು ಕೂಡತಿದ್ದವೋ ಅಷ್ಟು.
ಸಾಹೇಬರೂ ಜೋಡಿಸಿದರು. ಪಟ್ಟಿ ತಿದ್ದಿದರು.
ಪ್ರಸಾದ ಇದ್ದರ ತಗೊಂಡು ಬರ್ರಿ, ಅಂದರು.

ಮೊನ್ನೆ ಒಂಬತ್ತನೇ ಸೋಮವಾರ ಮುಗೀತು.
ಇವತ್ತ ನೀರು ಕಾಯೂದರೊಳಗ
ಜಡಿ ಹೆಣಕೊಂಡು ಮುಗಿಸಿದ್ದೆ,
ಕೈ ಯಾವಾಗ ಎದ್ದವೋ ನನಗ ಹೇಳಲಿಲ್ಲ.
ಎಡಗೈ ಕಿರುಬೆರಳು ಇನ್ನೂ ಸೆಟದ ಐತಿ.
ರಕ್ತದ ವರದಿ ಬರೂದು ಶನಿವಾರ.
ಸಾಹೇಬರಿಗೆ ಒಂದು ಪಾವು ಪೇಡೆ ಒಯ್ಯಬೇಕು.